ಬಾಗಿಲು ನೋಡುವ ಹಾವು

ವಿಯೋನ್ ತೀರಿಕೊಂಡ ಒಂಬತ್ತನೇ ದಿನ, ಅವಳು ಮಲಗುತ್ತಿದ್ದ ಚಾಪೆಯನ್ನು ಸುತ್ತಿಡಲು ಹೋದ ತಂಗಿ ಅಸಿಬಾಗೆ ಅದರ ಕೆಳಗೊಂದು ಹೆಬ್ಬಾವು ಸಿಕ್ಕಿತು.

ಡೆಕಾನ್ಮೆಯಲ್ಲಿ ಇದಕ್ಕೆಲ್ಲ ಯಾರೂ ಕಿಟಾರನೆ ಕಿರುಚುವುದಿಲ್ಲ. ವಿದಾ ಪಟ್ಟಣದ ಪಡುವಣಕ್ಕೆ, ಹಿನ್ನೀರಿನ ದಂಡೆಯ ಮೇಲಿರುವ ಆ ಊರಿನಲ್ಲಿ ಹೆಬ್ಬಾವೆಂದರೆ ದಾನ್ಬೆ, ಮನೆತನದ ಹಿರಿಯ. ಅಡುಗೆಮನೆಯಲ್ಲೋ ಹಾಸಿಗೆಯ ಮಗ್ಗುಲಲ್ಲೋ ಕಂಡರೆ ಮಂಡಿಯೂರಿ, "ಅಪ್ಪಾ, ದಾರಿ ತಪ್ಪಿ ಬಂದ್ರಾ?" ಎಂದು ಮಾತಾಡಿಸಿ, ಮಗುವನ್ನು ಎತ್ತಿದ ಹಾಗೆ ಎತ್ತಿಕೊಂಡು ಹೋಗಿ ಅಂಗಳದ ಮೂಲೆಯ ಹುಲ್ಲುಗುಡಿಸಲಲ್ಲಿ ಬಿಟ್ಟು ಬರುವುದು. ಎರಡೂವರೆ ಮೊಳ ಉದ್ದ, ಮುಂಗೈಯಷ್ಟು ದಪ್ಪ, ಕಪ್ಪು ಮೈಮೇಲೆ ಜೇನುಬಣ್ಣದ ಮಚ್ಚೆ. ಹೆದರಿದರೆ ತಲೆಯನ್ನು ಸುರುಳಿಯೊಳಗೆ ಹುದುಗಿಸಿಕೊಂಡು ಚೆಂಡಾಗಿಬಿಡುತ್ತದೆ, ಅಷ್ಟೆ. ಕಚ್ಚುವ ದಾನ್ಬೆಯನ್ನು ಆ ಊರಿನ ಹಳಬರೂ ಕಂಡಿರಲಿಲ್ಲ.

ಇದು ಕಚ್ಚಿತು. ಅಸಿಬಾ ಕೈ ಚಾಚಿದ್ದೇ ತಡ, ಕುತ್ತಿಗೆಯನ್ನು ಕೊಕ್ಕೆಯಂತೆ ಹಿಂದಕ್ಕೆಳೆದು, ಬುಸ್ಸೆಂದು ಹಾರಿ ಅವಳ ಹೆಬ್ಬೆರಳ ಬುಡಕ್ಕೆ ಬಾಯಿ ಹಾಕಿತು. ಗಾಯ ದೊಡ್ಡದೇನಲ್ಲ, ಮುಳ್ಳುಬೇಲಿಗೆ ಕೈ ತಾಗಿದಷ್ಟು. ವಿಷವಂತೂ ಇಲ್ಲವೇ ಇಲ್ಲ. ಆದರೂ ಅಸಿಬಾ "ತಪ್ಪಾಯ್ತು, ತಪ್ಪಾಯ್ತು" ಎನ್ನುತ್ತ ಮಂಡಿಯಲ್ಲೇ ಹಿಂದಕ್ಕೆ ತೆವಳಿ ಗೋಡೆಗೆ ಬೆನ್ನು ಹಚ್ಚಿದವಳು ಬಹಳ ಹೊತ್ತು ಏಳಲಿಲ್ಲ.

ಸದ್ದು ಕೇಳಿ ಅವಳ ತಮ್ಮನ ಹೆಂಡತಿ ಮೆದೆಸೆ ಬಂದಳು. ಬಾಯಿ ಜೋರು, ಎದೆಯೂ ಜೋರು. "ಸರೀರಿ ಅತ್ತಿಗೆ, ನಾನು ಎತ್ತಿಡ್ತೀನಿ" ಎಂದು ಬಗ್ಗಿದಳು. ಅವಳಿಗೂ ಬಿತ್ತು. "ಅಯ್ಯಯ್ಯಪ್ಪಾ! ನಿಮ್ಮಕ್ಕ ಬದುಕಿದ್ದಾಗ ಬೈಯೋರು, ಈಗ ಕಚ್ಚೋಕೂ ಶುರು ಹಚ್ಕೊಂಡ್ರಾ?" ಎಂದು ಬೆರಳು ಚೀಪುತ್ತ ಹೊರಗೋಡಿದಳು. ತಮಾಷೆಗೆ ಅಂದಳೋ ನಿಜಕ್ಕೆ ಅಂದಳೋ, ಆ ಮಾತು ಮಧ್ಯಾಹ್ನದೊಳಗೆ ಊರೆಲ್ಲ ಸುತ್ತಿ ಬಂತು.

ಸಂಜೆ ಮನೆತನದ ಯಜಮಾನರೇ ಬಂದರು. ಅವರನ್ನು ಎಲ್ಲರೂ ದಾ ಎಂದು ಕರೆಯುವುದು. ಎಂಬತ್ತು ದಾಟಿದ ಮುದುಕರು. ಪದ್ಧತಿಯಂತೆ ಬಾಯಿ ತುಂಬ ತಾಳೆ ಸಾರಾಯಿ ತುಂಬಿಕೊಂಡು ಹಾವಿನ ತಲೆಯ ಮೇಲೆ ಫೂ ಎಂದು ಸಿಂಪಡಿಸಿ ನಮಸ್ಕಾರ ಮಾಡಿದರು. ಅದು ಅವರ ಹೆಗಲಬಟ್ಟೆಗೆ ಹಾರಿ ಹಲ್ಲು ಸಿಕ್ಕಿಸಿಕೊಂಡಿತು. ದಾ ಅಲುಗಾಡದೆ ಅದನ್ನೇ ನೋಡಿದರು.

"ಇದು ವಿಯೋನ್" ಎಂದರು. "ಏನೋ ದೂರು ಇಟ್ಕೊಂಡು ಬಂದಿದ್ದಾಳೆ."

ವಿಯೋನ್ ಆ ಮನೆತನದ ತಾಸಿನೋ ಆಗಿದ್ದಳು. ಹುಟ್ಟಿದ ಮನೆಯ ಹಿರಿಯ ಮಗಳು, ಸತ್ತವರ ಮಾತನ್ನು ಇದ್ದವರಿಗೆ ಮುಟ್ಟಿಸುವವಳು. ಅವಳ ನಂತರದ ಸರದಿ ಅಸಿಬಾಳದು. ಹೊಸ ತಾಸಿನೋಳ ಕೊರಳಿಗೆ ನೆಂಟರಿಷ್ಟರೆಲ್ಲರ ಮುಂದೆ ದಾನ್ಬೆಯನ್ನು ಹಾಕುವುದು ಆ ಮನೆಯ ಕಟ್ಟಳೆ. ಅದು ಸುಮ್ಮನಿದ್ದರೆ ಹೋದವಳ ಒಪ್ಪಿಗೆ ಇದೆ ಎಂದರ್ಥ. ಪ್ರತಿಸಲವೂ ಅದು ಸುಮ್ಮನೇ ಇದ್ದಿದ್ದರಿಂದ ಅದೊಂದು ಪರೀಕ್ಷೆ ಎಂದು ಯಾರಿಗೂ ಅನ್ನಿಸಿರಲಿಲ್ಲ.

"ಇವತ್ತಿಂದ ನಲವತ್ತೊಂದನೇ ದಿನಕ್ಕೆ ಶಾಸ್ತ್ರ ಇಟ್ಟಿದೀನಿ ಮಗಳೇ" ಎಂದರು ದಾ. "ಇದೇ ದಾನ್ಬೆ ನಿನ್ನ ಕೊರಳಿಗೆ. ಕಚ್ಚಿದ್ರೆ ನನ್ನ ಕೈಲೂ ಏನೂ ಉಳಿಯಲ್ಲ. ನೀನು ತಾಸಿನೋ ಆಗಲ್ಲ, ಈ ಅಂಗಳದಲ್ಲಿ ಇರೋ ಹಂಗೂ ಇಲ್ಲ."

"ನನ್ನ ಮೇಲೆ ಏನು ದೂರು ದಾ? ಆರು ವರ್ಷ ಅವಳ ಮೈ ತೊಳೆದೋಳು ನಾನು."

"ನನಗೇನು ಗೊತ್ತಮ್ಮ?" ಮುದುಕರ ದನಿ ಮೆತ್ತಗಿತ್ತು. "ಗೊತ್ತಿರೋರಿಗೆ ಗೊತ್ತಿರುತ್ತೆ."

ಅಸಿಬಾಗೆ ಗೊತ್ತಿತ್ತು.

ವಿಯೋನ್‌ಗೆ ಒಬ್ಬಳೇ ಮಗಳು, ಅಬ್ಲಾವಾ. ಮನೆಯವರು ಒಪ್ಪದ ಮೀನುಗಾರನ ಜೊತೆ ಗ್ರಾನ್-ಪೊಪೊ ಕಡೆಗೆ ಹೊರಟುಹೋಗಿ ಒಂಬತ್ತು ವರ್ಷವಾಗಿತ್ತು. ತಾಯಿ ಮಗಳ ನಡುವೆ ಮಾತಿರಲಿಲ್ಲ. ಕೊನೆಗಾಲಕ್ಕೆ ವಿಯೋನ್‌ಳ ಹಟ ಕರಗಿತು. "ಅವಳಿಗೊಂದು ಫೋನ್ ಮಾಡೇ" ಎಂದಳು. ನಂಬರು ಅಸಿಬಾಳ ಹತ್ತಿರ ಇತ್ತು. ಆಯ್ತಕ್ಕ ಎಂದು ಫೋನು ಹಿಡಿದು ಬಾವಿಕಟ್ಟೆಯ ತನಕ ಹೋದಳು. ಒತ್ತಲಿಲ್ಲ. ಆರು ವರ್ಷ ಹೇಲುಚ್ಚೆ ಬಾಚಿದವಳು ನಾನು, ಕಡೇ ಗಳಿಗೆಗೆ ಬಂದು ತಲೆದಿಂಬಿಗೆ ಕೂರುವವಳು ಅವಳಾ ಎಂದುಕೊಂಡಳು. ಒಳಗೆ ಬಂದು, "ಮಾಡ್ದೆ ಅಕ್ಕ, ಬರ್ತಾಳಂತೆ" ಎಂದಳು. ಮಾರನೇ ದಿನ ಒತ್ತಿದರಾಯಿತು ಎಂದುಕೊಂಡಿದ್ದಳು. ಅದೂ ಆಗಲಿಲ್ಲ.

ಹನ್ನೊಂದು ದಿನ ವಿಯೋನ್ ಬಾಗಿಲು ನೋಡಿದಳು. ತಲೆ ತಿರುಗಿಸಿದಾಗೆಲ್ಲ ಅಸಿಬಾ ಅವಳ ತೋಳು ಸವರಿ, "ಬರ್ತಾಳೆ, ಬರ್ತಾಳೆ" ಎನ್ನುತ್ತಿದ್ದಳು. ಸವರುತ್ತ ಸವರುತ್ತ ವಿಯೋನ್ ಕೇಳುವುದನ್ನು ನಿಲ್ಲಿಸಿದಳು. ಆಮೇಲೆ ಉಸಿರೂ ನಿಂತಿತು.

ಸಾವಿನ ಸುದ್ದಿ ತಿಳಿದು ಮಣ್ಣಿಗೆ ಬಂದ ಅಬ್ಲಾವಾ ಗೋರಿಯ ಹತ್ತಿರ ಕೇಳಿದ್ದು ಒಂದೇ ಮಾತು: "ಒಂದ್ಸಲನಾದ್ರೂ ನನ್ನ ಹೆಸರು ಹೇಳಿದ್ಲಾ ಚಿಕ್ಕಮ್ಮ?" ಅಸಿಬಾ ನೆಲ ನೋಡುತ್ತ, "ಇಲ್ಲ ಮಗಾ" ಎಂದಿದ್ದಳು. ಹೌದೆಂದರೆ, ಮತ್ತೆ ನನಗ್ಯಾಕೆ ತಿಳಿಸಲಿಲ್ಲ ಎಂದು ಕೇಳುತ್ತಾಳಲ್ಲ.

ಕಚ್ಚುವ ಹಾವಿನ ಬಗ್ಗೆ ಬಾಯಿಬಿಟ್ಟು ಕೇಳಬಹುದಾದವನು ಊರಲ್ಲಿ ಒಬ್ಬನೇ ಇದ್ದ: ರಸ್ತೆಬದಿಯಲ್ಲಿ ಬಾಟಲಿಗೆ ತುಂಬಿಸಿ ಪೆಟ್ರೋಲ್ ಮಾರುವ ಆಗೊಸು. ಮೊದಲು ಗಡಿಯಾಚೆ, ಬಿಳಿಯರಿಗೆ ಸಾಕಲು ಹೆಬ್ಬಾವು ಕಳಿಸುವ ಫಾರ್ಮ್ ಒಂದರಲ್ಲಿ ಹನ್ನೆರಡು ವರ್ಷ ದುಡಿದವನು. ದೇವರನ್ನು ಪೆಟ್ಟಿಗೆಗೆ ಹಾಕಿ ಮಾರಿದವನೆಂದು ಊರಿನ ಅರ್ಧ ಜನ ಅವನ ಜೊತೆ ಮಾತಾಡುತ್ತಿರಲಿಲ್ಲ. ಪೆಟ್ರೋಲನ್ನು ಮಾತ್ರ ಎಲ್ಲರೂ ಅವನಲ್ಲೇ ಕೊಳ್ಳುತ್ತಿದ್ದರು.

ಅಸಿಬಾ ಕರೆಸಿದಾಗ ಅವನು ಕೋಣೆಯ ಬಾಗಿಲ ಹೊರಗೇ ನಿಂತು, ಮನೆಯವರು ಬುಟ್ಟಿ ಕವುಚಿ ಹೇಗೋ ಹಿಡಿದಿಟ್ಟಿದ್ದ ಹಾವನ್ನು ನೋಡಿ, ನಡೆದದ್ದನ್ನೆಲ್ಲ ಕೇಳಿ, ಹಣೆ ಚಚ್ಚಿಕೊಂಡ.

"ಅಕ್ಕಾ, ಫಾರ್ಮಲ್ಲಿ ಎರಡು ಸಾವಿರ ಹಾವಿದ್ವು. ಒಂದಕ್ಕೂ ಕಚ್ಚೋದನ್ನ ಇಷ್ಟು ಚೆನ್ನಾಗಿ ಯಾರೂ ಕಲಿಸಿರಲಿಲ್ಲ. ಭೇಷ್!"

"ಬಾಯಿ ಮುಚ್ಕೊಂಡು ಮಾತಾಡು. ಅದು ನಮ್ಮಕ್ಕ."

"ಬಾಯಿ ಮುಚ್ಕೊಂಡು ಹೆಂಗೆ ಮಾತಾಡ್ಲಿ? ಆಗ್ಲಿ, ಅಕ್ಕಾನೇ ಅನ್ಕೊಳ್ಳಿ. ಅದು ಮೂತಿ ಚಾಚಿದ ಕೂಡ್ಲೇ ನೀವೇನು ಮಾಡ್ತೀರ? ತಪ್ಪಾಯ್ತು ಅಂತ ಮಂಡೀಲೇ ಹಿಂದಕ್ಕೆ ಹೋಗ್ತೀರ. ಅದಕ್ಕೇನು ಅರ್ಥ ಆಯ್ತು? ಓಹೋ, ಬಾಯಿ ಹಾಕಿದ್ರೆ ಇವು ತೊಲಗ್ತವೆ ಅಂತ. ನಾಳೆ ಇನ್ನೂ ಬೇಗ ಹಾಕುತ್ತೆ. ಮೇಲಿಂದ ಆ ಮುದುಕರು ಮುಖಕ್ಕೆ ಸಾರಾಯಿ ಉಗುಳ್ತಾರೆ. ನನ್ನ ಮುಖಕ್ಕೆ ಉಗುಳಿದ್ರೆ ನಾನೂ ಕಚ್ತಿದ್ದೆ. ಇಲ್ಲ, ನಾನು ನೆಕ್ಕೋತಿದ್ದೆ ಅನ್ನಿ."

ಅಸಿಬಾ ನಗಲಿಲ್ಲ. "ಹಂಗಾದ್ರೆ ಇದು ಕೋಪ ಅಲ್ವಾ?"

"ಕೋಪ ಹಾವಿಗೆಲ್ಲಿಂದ ಬರ್ಬೇಕು? ಹೆದರಿಕೆ. ನಿಮ್ಮ ಕೈ ಏನು ಅಂತ ಅದಕ್ಕೆ ಗೊತ್ತಿಲ್ಲ. ದಿನಾ ಮುಟ್ಟಿ, ಗೊತ್ತಾಗುತ್ತೆ. ನಲವತ್ತು ದಿನ ಧಾರಾಳ ಆಯ್ತು."

ಹೇಗೆ ಮುಟ್ಟಬೇಕೆಂದು ಅವನು ಪೆಟ್ರೋಲ್ ವಾಸನೆಯ ಕೈಯಾಡಿಸುತ್ತ ಒಂದು ಗಂಟೆ ಹೇಳಿದ. ಮೊದಲ ಐದು ದಿನ ಮುಟ್ಟಲೇಬಾರದು. ಅಸಿಬಾ ಉಟ್ಟು ಬಿಟ್ಟ ಬಟ್ಟೆಯೊಂದನ್ನು ಬುಟ್ಟಿಯಲ್ಲಿಟ್ಟು ಅವಳ ಬೆವರಿನ ಪರಿಚಯವಾಗಲು ಬಿಡಬೇಕು. ಇಲಿ ತಿಂದ ಮೇಲೆ ಎರಡು ದಿನ ಅದರ ಪಾಡಿಗೆ ಬಿಡಬೇಕು. ಕೈ ಯಾವತ್ತೂ ಪಕ್ಕದಿಂದ ಬರಬೇಕು, ಮೇಲಿನಿಂದ ಬಂದರೆ ಹಾವಿಗೆ ಅದು ಹದ್ದು ಎರಗಿದ ಹಾಗೆ. ಎತ್ತಿದರೆ ಹೊಟ್ಟೆಯ ಕೆಳಗೆ ಎರಡೂ ಕೈಯ ಆಸರೆ ಕೊಡಬೇಕು. "ಇನ್ನೊಂದು ಮಾತು ಅಕ್ಕಾ. ಬಾಯಿ ಹಾಕಿದ್ರೂ ಕೈ ತೆಗೀಬೇಡಿ. ಅದು ತಣ್ಣಗಾದ ಮೇಲೇನೇ ಬುಟ್ಟಿಗೆ ಬಿಡೋದು. ಬುಸ್ ಅಂದಾಗ ಬಿಟ್ರೋ, ಇಡೀ ವಾರದ ಕೆಲಸ ಹಾಳು."

ಹೀಗೆ ಶುರುವಾಯಿತು. ಮಧ್ಯಾಹ್ನ ಊಟವಾಗಿ ಅಂಗಳ ತೂಕಡಿಸುವ ಹೊತ್ತಿಗೆ ಅಸಿಬಾ ಅಕ್ಕನ ಕೋಣೆಯ ಕದ ಮುಂದೆ ಮಾಡಿಕೊಂಡು ಬುಟ್ಟಿಯ ಮುಂದೆ ಕೂರುತ್ತಿದ್ದಳು. ದಾನ್ಬೆಗೆ ಸೇವೆ ಮಾಡ್ತಿದೀನಿ ಎಂದು ಮನೆಯವರಿಗೆ ಹೇಳಿದ್ದಳು. ಆರನೇ ದಿನ ಮೊದಲ ಸಲ ಅದರ ಪಕ್ಕೆಗೆ ಬೆರಳ ಬೆನ್ನು ತಾಗಿಸಿದಳು. ಹಾರಿತು. ಕೈ ತೆಗೆಯಲಿಲ್ಲ. ಮತ್ತೆ ಹಾರಿತು. ಹತ್ತನೇ ದಿನಕ್ಕೆ ಅವಳ ಕೈ ಸಜ್ಜಿಗೆ ರೊಟ್ಟಿಯ ಹಾಗೆ ತೂತುತೂತಾಗಿತ್ತು.

"ಏನತ್ತಿಗೆ, ಸೇವೆ ನೀವು ಅವರಿಗೆ ಮಾಡ್ತಿದೀರೋ ಅವರು ನಿಮಗೆ ಮಾಡ್ತಿದಾರೋ?" ಎಂದಳು ಮೆದೆಸೆ.

ಹದಿನಾಲ್ಕನೇ ದಿನ ಹಾರಲಿಲ್ಲ. ಬುಸ್ಸೆಂದು ಸುಮ್ಮನಾಯಿತು. ಹದಿನೇಳನೇ ದಿನ ಎತ್ತಿಕೊಂಡಳು. ಅದರ ತೂಕ ಕೈಗೆ ಬಿದ್ದದ್ದೇ ಅಸಿಬಾಳ ಮೈ ಜುಂ ಎಂದಿತು. ಒಣಗಿದ ಚರ್ಮ, ಒಳಗೆ ಎಳೆಎಳೆಯಾದ ಮಾಂಸ, ತಣ್ಣಗಿನ ಭಾರ. ಕೊನೆಕೊನೆಗೆ ಅಕ್ಕನ ತೋಳು ಹೀಗೇ ಇತ್ತು. ಮೈ ತೊಳೆಯುವಾಗ ಎತ್ತಿ ಹಿಡಿದರೆ ಹೀಗೇ ಮಣಿಕಟ್ಟಿನ ಮೇಲೆ ಜಾರಿ ಬೀಳುತ್ತಿತ್ತು.

ಹಾವು ಅವಳ ಕೈಯಿಂದ ಕೈಗೆ ಹರಿಯಿತು. ನಾಲಿಗೆ ಚಾಚಿ ಗಾಳಿ ಮೂಸಿತು. ಆಮೇಲೆ ತಲೆ ಎತ್ತಿ ಬಾಗಿಲಿನ ಕಡೆ ತಿರುಗಿ ಹಾಗೇ ನಿಂತಿತು. ಅಸಿಬಾ ಬೇಕೆಂದೇ ಮಗ್ಗುಲು ಬದಲಿಸಿ ಕೂತಳು. ತಲೆಯೂ ತಿರುಗಿತು, ಮತ್ತೆ ಬಾಗಿಲಿಗೇ.

"ಬರ್ತಾಳೆ" ಎಂಬ ಮಾತು ಅವಳ ಬಾಯಿಂದ ತಾನಾಗಿ ಬಂತು. ತನ್ನ ದನಿಗೆ ತಾನೇ ಬೆಚ್ಚಿಬಿದ್ದಳು.

"ಅದು ಕದದ ಸಂದೀಲಿ ಬರೋ ಬೆಳಕು ನೋಡುತ್ತೆ ಅಕ್ಕಾ" ಎಂದ ಆಗೊಸು, ಆ ಸಂಜೆ ರಸ್ತೆಬದಿಯಲ್ಲಿ. "ಎಲ್ಲಾ ಹಾವೂ ನೋಡುತ್ತೆ. ತಪ್ಪಿಸ್ಕೊಂಡು ಹೋಗೋ ದಾರಿ ಹುಡುಕುತ್ತೆ, ಅಷ್ಟೆ."

ಅಷ್ಟೆ ಎಂದರೆ ಅಷ್ಟೆ. ಮಾರನೇ ದಿನ ಅಸಿಬಾ ಕದದ ಸಂದಿಗೆ ಬಟ್ಟೆ ತುರುಕಿ ಬೆಳಕು ಮುಚ್ಚಿದಳು. ಹಾವು ಕತ್ತಲಲ್ಲಿ ಅವಳ ಕೈಮೇಲೆ ಹರಿದು, ನಿಂತು, ತಲೆ ಎತ್ತಿತು. ಎತ್ತ ನೋಡುತ್ತಿದೆಯೆಂದು ನೋಡಲು ಅವಳಿಗೆ ಧೈರ್ಯ ಬರಲಿಲ್ಲ.

ಇಪ್ಪತ್ತೇಳನೇ ದಿನ ಬುಟ್ಟಿಯ ಮುಚ್ಚಳ ತೆಗೆದಾಗ ಹಾವಿನ ಕಣ್ಣು ಬದಲಾಗಿದ್ದವು. ಮಿರುಗುವ ಕಪ್ಪು ಹೋಗಿ ನೀಲಿಯ ಮೇಲೆ ಹಾಲು ಕಟ್ಟಿದ ಹಾಗಿತ್ತು. ವಿಯೋನ್‌ಳ ಕಣ್ಣು ಕೊನೆಯ ಎರಡು ದಿನ ಹೀಗೇ ಆಗಿದ್ದವು. ಬಾಗಿಲ ಕಡೆಗೇ ಇದ್ದವು, ಆದರೆ ಏನೂ ಕಾಣುತ್ತಿರಲಿಲ್ಲ. ಆಗೊಸು ಪೆಟ್ರೋಲ್ ತರಲು ಗಡಿಗೆ ಹೋಗಿ ನಾಲ್ಕು ದಿನವಾಗಿತ್ತು. ಪೊರೆ ಬಿಡುವ ಮುಂಚೆ ಹಾವಿಗೆ ಕಣ್ಣು ಮಬ್ಬಾಗುತ್ತದೆ, ಆ ವಾರ ಮುಟ್ಟಬಾರದೆಂದು ಅವನು ಹೇಳುವುದನ್ನು ಮರೆತಿದ್ದ. ಒಂದು ದಿನವೂ ತಪ್ಪಿಸಬಾರದೆಂದಷ್ಟೇ ಅಸಿಬಾಗೆ ಗೊತ್ತಿದ್ದದ್ದು.

ಪಕ್ಕದಿಂದ ಕೈ ಹಾಕಿದಳು. ಈ ಸಲ ಅದು ಹಾರಿ ಬಿಡಲಿಲ್ಲ. ಮಣಿಕಟ್ಟನ್ನು ಕಚ್ಚಿ ಹಿಡಿದು, ಮೈಯನ್ನು ಎರಡು ಸುತ್ತು ಮುಂಗೈಗೆ ಬಿಗಿಯಿತು. ರಕ್ತ ಬೆರಳ ತುದಿಗೆ ಇಳಿದು ಚಾಪೆಗೆ ತೊಟ್ಟಿಕ್ಕಿತು. ಅಸಿಬಾ ಎಳೆದುಕೊಳ್ಳಲಿಲ್ಲ. ಅಷ್ಟು ಹತ್ತಿರದಿಂದ ಆ ಹಾಲುಗಣ್ಣು ಅವಳನ್ನು ನೋಡುತ್ತಲೂ ಇತ್ತು, ನೋಡದೆಯೂ ಇತ್ತು.

"ಫೋನ್ ಮಾಡ್ಲಿಲ್ಲ ಅಕ್ಕ" ಎಂದಳು. ಆ ಮಾತನ್ನು ಅವಳು ಗಟ್ಟಿಯಾಗಿ ಆಡಿದ್ದು ಅದೇ ಮೊದಲು. "ಬಾವಿ ತನಕ ಹೋದೆ, ವಾಪಸ್ ಬಂದೆ. ನೀನು ಅವಳನ್ನ ಕೇಳಿದ್ದು ನನ್ನ ಕೈಲಿ ತಡ್ಕೊಳ್ಳೋಕಾಗ್ಲಿಲ್ಲ. ನನ್ನನ್ನ ಯಾವತ್ತಾದ್ರೂ ಹಂಗೆ ಕೇಳಿದ್ದೀಯಾ?"

ಕೋಣೆಯಲ್ಲಿ ಹಾವಿನ ಉಸಿರು ಮಾತ್ರ ಕೇಳುತ್ತಿತ್ತು, ಎಳೆದು ಬಿಡುವ ಉಸಿರು. ಎಷ್ಟೋ ಹೊತ್ತಿನ ಮೇಲೆ ಬಾಯಿ ಸಡಿಲಾಯಿತು. ಒಂದೊಂದೇ ಸುತ್ತು ಬಿಚ್ಚಿಕೊಂಡು ಅದು ಬುಟ್ಟಿಯಲ್ಲಿದ್ದ ಅವಳ ಬಟ್ಟೆಯ ಕೆಳಗೆ ಹೋಗಿ ಮಲಗಿತು.

ಊರಿಗೆ ಮರಳಿದ ಆಗೊಸು ಅವಳ ಮಣಿಕಟ್ಟು ನೋಡಿ ತನ್ನನ್ನು ತಾನೇ ಬೈದುಕೊಂಡ. ಪೊರೆ ಬಿಡುವ ತನಕ ಸುಮ್ಮನಿರಿ ಎಂದ. ಮೂವತ್ತೈದನೇ ದಿನ ಪೊರೆ ಕಾಲುಚೀಲದ ಹಾಗೆ ಇಡಿಯಾಗಿ ಕಳಚಿ ಬಂತು. ಆಮೇಲೆ ಅಸಿಬಾ ಎತ್ತಿಕೊಂಡರೆ ಹಾವು ಬುಸ್ಸೆನ್ನಲೂ ಇಲ್ಲ. ತೋಳೇರಿ, ಹೆಗಲೇರಿ, ಕುತ್ತಿಗೆಯ ಹಿಂದೆ ಬೆಚ್ಚಗೆ ಸುತ್ತಿಕೊಂಡು ಕೂತುಬಿಡುತ್ತಿತ್ತು.

"ನೋಡಿದ್ರಾ!" ಆಗೊಸು ಚಪ್ಪಾಳೆ ತಟ್ಟಿದ. "ಗೆದ್ರಿ ಅಕ್ಕಾ. ಈಗ ಕೊರಳಿಗಲ್ಲ, ಮೂಗಿಗೆ ಮೂಗುತಿ ಮಾಡ್ಕೊಂಡ್ರೂ ಸುಮ್ನಿರುತ್ತೆ."

"ನಾನು ಹೇಳಿದ್ದು ಕೇಳಿಸ್ಕೊಂಡು ಸುಮ್ಮನಾಯ್ತೋ, ಕೈ ರೂಢಿಯಾಗಿ ಸುಮ್ಮನಾಯ್ತೋ?"

"ಏನು ಹೇಳಿದ್ರಿ?"

ಅಸಿಬಾ ಹಾವನ್ನು ಬುಟ್ಟಿಗೆ ಬಿಟ್ಟು ಮುಚ್ಚಳ ಹಾಕಿದಳು. ಗೆದ್ದವಳಿಗೆ ಆಗಬೇಕಾದ ಹಗುರ ಅವಳಿಗೆ ಆಗಲಿಲ್ಲ. ಕಚ್ಚುತ್ತಿದ್ದಾಗ ಅಕ್ಕ ಅಲ್ಲಿದ್ದಾಳೆಂದಾದರೂ ಅನ್ನಿಸುತ್ತಿತ್ತು.

ನಲವತ್ತೊಂದನೇ ದಿನ ನಡುಹಗಲಿಗೆ ಅಂಗಳ ತುಂಬಿತು. ತಮಟೆ, ಬಿಳಿ ಬಟ್ಟೆ, ಎಲೆಯಲ್ಲಿ ಸುತ್ತಿದ ಜೋಳದ ಹುಳಿ ಕಡುಬಿನ ರಾಶಿ. ನೆಂಟರ ಸಾಲಿನ ಕಡೆಯಲ್ಲಿ, ಯಾರೂ ಮಾತಾಡಿಸದೆ, ಅಬ್ಲಾವಾ ಕೂತಿದ್ದಳು. ದಿನವಿಡೀ ಮೀನು ಹೊಗೆಯಾಡಿಸುವವಳ ಕೈ. ಎಷ್ಟು ತೊಳೆದರೂ ಹೊಗೆಯ ವಾಸನೆ ಹೋಗದು.

ಈ ಸಲ ಹಾವನ್ನು ಎತ್ತಲು ದಾ ಮುಂದೆ ಬರಲಿಲ್ಲ. "ನೀನೇ ಹಾಕ್ಕೋ ಮಗಳೇ" ಎಂದರು. ಅಸಿಬಾ ಬುಟ್ಟಿಯಿಂದ ಎತ್ತಿಕೊಂಡಳು. ಹಾವು ಅಭ್ಯಾಸದ ಹಾದಿ ಹಿಡಿದು ತೋಳೇರಿ ಕೊರಳು ಸುತ್ತಿಕೊಂಡಿತು. ತಮಟೆ ನಿಂತಿತು. ಹಾವು ಬುಸ್ಸೆನ್ನದೆ ಅವಳ ಭುಜದ ಮೇಲೆ ಗಲ್ಲವಿಟ್ಟು ಮಲಗಿತು.

"ವಿಯೋನ್‌ಗೆ ದೂರಿಲ್ಲ!" ದಾ ಕೋಲೆತ್ತಿ ಕೂಗಿದರು. ಹೆಂಗಸರ ಹರ್ಷದ ಕೇಕೆ ಹಿನ್ನೀರಿನ ಆಚೆ ದಂಡೆಗೂ ಕೇಳಿಸಿರಬೇಕು. ಮೆದೆಸೆ ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದಳು.

ಒಬ್ಬೊಬ್ಬರಾಗಿ ಬಂದು ಮಂಡಿಯೂರಿ ಹೊಸ ತಾಸಿನೋಳ ಪಾದ ಮುಟ್ಟಿದರು. ಹಾವನ್ನು ಮುಟ್ಟುವ ಧೈರ್ಯ ಯಾರಿಗೂ ಬರಲಿಲ್ಲ. ಕಡೆಗೆ ಅಬ್ಲಾವಾ ಬಂದಳು. ಅವಳು ಮಂಡಿಯೂರಲಿಲ್ಲ. ನಿಂತೇ ಇದ್ದಳು, ಎತ್ತರದ ಹೆಂಗಸು, ಚಿಕ್ಕಮ್ಮನ ಕೊರಳಲ್ಲಿದ್ದ ತಲೆಯನ್ನೇ ನೋಡುತ್ತ. "ಅವ್ವಾ" ಎಂದಳು, ಮೆಲ್ಲಗೆ. ಅಸಿಬಾ ಬಾಯಿ ತೆರೆಯುವಷ್ಟರಲ್ಲಿ ಅವಳ ಕೈ ಮೇಲಿನಿಂದ ಇಳಿದುಬಂತು.

ಹಾವು ಹಾರಿ ಅವಳ ಅಂಗೈಗೆ ಕಚ್ಚಿತು.

ಇಡೀ ಅಂಗಳ ಒಂದೇ ಬಾಯಿಯಾಗಿ "ಹಾ" ಎಂದಿತು. "ದೂರು ಯಾರ ಮೇಲಿತ್ತು ಅಂತ ಈಗ ಗೊತ್ತಾಯ್ತಲ್ಲ" ಎಂದಿತೊಂದು ದನಿ. "ಹೆತ್ತೋಳು ಸಾಯೋವಾಗ ಮುಖ ತೋರಿಸ್ದೇ ಇದ್ದೋಳು" ಎಂದಿತು ಇನ್ನೊಂದು. ಅಬ್ಲಾವಾ ಕೂಗಲಿಲ್ಲ, ಅಳಲೂ ಇಲ್ಲ. ಕೈಯ ರಕ್ತ ನೋಡಿ, ಮೊದಲೇ ಗೊತ್ತಿದ್ದದ್ದನ್ನು ಕೇಳಿದವಳ ಹಾಗೆ ತಲೆಯಾಡಿಸಿದಳು.

"ಹೆಸರೂ ಹೇಳ್ಲಿಲ್ಲ ಅಂದಿದ್ರಲ್ಲ ಚಿಕ್ಕಮ್ಮ. ನಾನೇ ಬರಬಾರದಿತ್ತು" ಎಂದು ಹಿಂದೆ ಸರಿದಳು. ಜನ ಅವಳಿಗೆ ಮೈ ತಾಗದ ಹಾಗೆ ದಾರಿ ಬಿಟ್ಟರು.

ಗುಂಪಿನಾಚೆ ನಿಂತಿದ್ದ ಆಗೊಸು ಅಸಿಬಾಳನ್ನೇ ನೋಡುತ್ತಿದ್ದ. ಸಣ್ಣಗೆ ತಲೆ ಅಲ್ಲಾಡಿಸಿದ: ಸುಮ್ಮನಿರಿ ಅಕ್ಕಾ. ಸುಮ್ಮನಿರಬಹುದಿತ್ತು. ಹಾವಿನ ಎದೆ ಅವಳ ಕುತ್ತಿಗೆಗೆ ಒತ್ತಿ ಡವಗುಟ್ಟುತ್ತಿತ್ತು. ಅವಳ ಕೈ ತಾನಾಗಿ ಮೇಲೆದ್ದು ಅದನ್ನು ಸವರತೊಡಗಿತ್ತು. ಸವರಿದ ಹಾಗೆಲ್ಲ ಅದು ತಣ್ಣಗಾಗುತ್ತಿತ್ತು, ಇನ್ನೊಂದು ಗಳಿಗೆ ಸವರಿದರೆ ಪೂರಾ ತಣ್ಣಗಾಗುತ್ತಿತ್ತು. ಅಸಿಬಾ ತನ್ನ ಕೈಯನ್ನೇ ನೋಡಿದಳು. ನೋಡುತ್ತ ಅದನ್ನು ನಿಲ್ಲಿಸಿದಳು.

"ಅಬ್ಲಾವಾ, ನಿಲ್ಲು."

ದನಿ ಎಷ್ಟು ಜೋರಾಗಿತ್ತೆಂದರೆ ಹೆಬ್ಬಾಗಿಲ ತನಕ ಹೋಗಿದ್ದವಳು ತಿರುಗಿದಳು.

"ಈ ಹಾವಿಗೆ ದಿನಾ ಮುಟ್ಟಿ ಮುಟ್ಟಿ ನನ್ನ ಕೈ ರೂಢಿ ಮಾಡ್ಸಿದೀನಿ. ಆಗೊಸು ಹೇಳಿಕೊಟ್ಟ. ನನ್ನ ಕೈ ಒಂದು ಬಿಟ್ರೆ ಅದಕ್ಕೆ ಯಾರ ಕೈಯೂ ಗೊತ್ತಿಲ್ಲ. ನನ್ನ ಕೊರಳಲ್ಲಿ ಸುಮ್ನಿದ್ದದ್ದೂ ನಿಮ್ಮವ್ವನ ಮಾತಲ್ಲ, ನಿನಗೆ ಕಚ್ಚಿದ್ದೂ ನಿಮ್ಮವ್ವನ ಮಾತಲ್ಲ." ಅಸಿಬಾ ಒಂದು ಹೆಜ್ಜೆ ಮುಂದಿಟ್ಟಳು. "ನಿಮ್ಮವ್ವನ ಮಾತು ನನ್ನ ಹತ್ರ ಇದೆ. ಹನ್ನೊಂದು ದಿನ ನಿನ್ನ ಕೇಳಿದ್ಲು. ಫೋನ್ ಮಾಡು ಅಂದ್ಲು. ಮಾಡಿದೀನಿ, ಬರ್ತಾಳೆ ಅಂದೆ. ನಾನು ಮಾಡ್ಲೇ ಇಲ್ಲ."

ದಾ ಪೀಠದ ಮೇಲೆ ಕೂತರು.

"ಹೊತ್ತು ಮುಳುಗೋದ್ರೊಳಗೆ ನಿನ್ನ ಸಾಮಾನು ಕಟ್ಕೋ" ಎಂದರು ಕೊನೆಗೆ.

"ಆಯ್ತು ದಾ."

ಆದರೆ ಅಬ್ಲಾವಾ ಹೆಬ್ಬಾಗಿಲಿನಿಂದ ವಾಪಸ್ ನಡೆದು ಬರುತ್ತಿದ್ದಳು. ರಕ್ತದ ಕೈಯನ್ನು ಸೀರೆಯಂತೆ ಸುತ್ತಿದ್ದ ಬಟ್ಟೆಗೆ ಒತ್ತಿಕೊಂಡು, ಚಿಕ್ಕಮ್ಮನ ಎದುರು ನೆಲದ ಮೇಲೆ ಕಾಲು ಚಾಚಿ ಕೂತಳು. ಹಾವು ತಲೆ ಎತ್ತಿ ಅವಳ ಕಡೆ ನಾಲಿಗೆ ಆಡಿಸಿತು. ಅವಳು ಅದನ್ನು ನೋಡಲಿಲ್ಲ.

"ಅವರು ಹೊತ್ತು ಮುಳುಗೋ ತನಕ ಟೈಮ್ ಕೊಟ್ಟಿದಾರೆ. ಕೂತ್ಕೊಳ್ಳಿ" ಎಂದಳು. "ಮೊದಲನೇ ದಿನ ಏನಂದ್ಲು?"

ಅಸಿಬಾ ಅವಳ ಎದುರು ಕೂತಳು.

"ಮೊದಲನೇ ದಿನ... 'ಅವಳು ಬಂದ ಕೂಡ್ಲೇ ಏನೂ ಕೇಳ್ಬೇಡಿ. ಮೊದ್ಲು ಊಟಕ್ಕಿಡಿ, ಹಸ್ಕೊಂಡು ಬಂದಿರ್ತಾಳೆ' ಅಂದ್ಲು."

ಅಬ್ಲಾವಾ ಕಣ್ಣು ಮುಚ್ಚಿದಳು, ತೆರೆದಳು.

"ಎರಡನೇ ದಿನ?"